ಬೇಸಿಗೆಯ ಅರ್ಜಿಗೆ ದೀಪಾವಳಿಯೇ ಗಡುವು

ಮಾರ್ಚ್ ಬಿಸಿಲು ಏರತೊಡಗಿದಂತೆ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಮಕ್ಕಳು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. "ಮೇಡಂ, ಈ ರಜೆಯಲ್ಲಿ ಎಲ್ಲಾದರೂ ಇಂಟರ್ನ್‌ಶಿಪ್ ಸಿಗಬಹುದೇ?" ಎಂದು ಕೇಳುತ್ತಾರೆ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ಈ ಪ್ರಶ್ನೆ ಪ್ರತಿ ಸಲವೂ ಸಂಕಟ ತರುತ್ತದೆ. ಕೇಳುವ ಮಕ್ಕಳು ಚುರುಕಾಗಿದ್ದಾರೆ, ಅವರ ಆಸೆ ನಿಜವಾದದ್ದು. ಆದರೆ ನಾನು ಹೇಳಬೇಕಾದ ಉತ್ತರ ಒಂದೇ: ಈ ಬೇಸಿಗೆಯ ಬಾಗಿಲುಗಳಲ್ಲಿ ಹೆಚ್ಚಿನವು ಕಳೆದ ದೀಪಾವಳಿಯ ಆಸುಪಾಸಿನಲ್ಲೇ ಮುಚ್ಚಿಹೋಗಿವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಪ್ರಯಾಗರಾಜದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಈ ಮೂರೂ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ದೇಶದ ಪದವಿ ವಿದ್ಯಾರ್ಥಿಗಳಿಗೆ ಇರುವ ದೊಡ್ಡ ಅವಕಾಶಗಳಲ್ಲಿ ಒಂದು. ಎರಡು ತಿಂಗಳ ಕಾಲ ಯಾವುದಾದರೂ ಒಂದು ಪ್ರಯೋಗಾಲಯದಲ್ಲಿ ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಶಿಷ್ಯವೇತನ, ರೈಲು ಪ್ರಯಾಣದ ಖರ್ಚು. ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಜಿ ಕರೆಯುತ್ತಾರೆ, ನವೆಂಬರ್ ಸುಮಾರಿಗೆ ಮುಗಿಸುತ್ತಾರೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅರ್ಜಿ ಅದರ ಬೆನ್ನಿಗೇ ಬರುತ್ತದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದು ಹೊಸ ವರ್ಷದ ಆರಂಭದಲ್ಲಿ. ಕೆನಡಾದ ಮೈಟ್ಯಾಕ್ಸ್ ಇಂಟರ್ನ್‌ಶಿಪ್‌ಗೆ ಸೆಪ್ಟೆಂಬರ್‌ನಲ್ಲೇ ಅರ್ಜಿ ಹಾಕಿರಬೇಕು. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್ ನಡೆಸುವ ವೈಸ್ ಯೋಜನೆಗೆ ನವೆಂಬರ್ ಆರಂಭ ಕೊನೆ. ದಿನಾಂಕಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಆಚೀಚೆ ಆಗುತ್ತವೆ, ಋತು ಮಾತ್ರ ಬದಲಾಗುವುದಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಮುಂದಿನ ಬೇಸಿಗೆ ತೀರ್ಮಾನವಾಗಿರುತ್ತದೆ.

ಬೆಂಗಳೂರಿನ ಒಳ್ಳೆಯ ಖಾಸಗಿ ಕಾಲೇಜಿನ ವಿದ್ಯಾರ್ಥಿಗೆ ಇದು ಗೊತ್ತಿರುತ್ತದೆ, ಏಕೆಂದರೆ ಅವನ ಹಿಂದಿನ ವರ್ಷದವರು ಹೋಗಿ ಬಂದಿರುತ್ತಾರೆ. ನಮ್ಮಲ್ಲಿ ಹೀಗೆ ಹೋಗಿ ಬಂದವರು ತೀರಾ ವಿರಳ. ಹೀಗಾಗಿ ಹೇಳುವವರೂ ವಿರಳ. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಬಡವರ, ರೈತರ, ಮೊದಲ ತಲೆಮಾರಿನ ಓದುಗರ ಮಕ್ಕಳು ಹೆಚ್ಚಾಗಿ ಓದುವುದು ಇಲ್ಲೇ. ಈ ಮಕ್ಕಳಲ್ಲಿ ಪ್ರತಿಭೆಯ ಕೊರತೆ ಇದೆ ಎಂದು ಇಷ್ಟು ವರ್ಷ ಪಾಠ ಮಾಡಿದ ನಾನು ನಂಬುವುದಿಲ್ಲ. ಅವಕಾಶಕ್ಕೂ ಅವರಿಗೂ ನಡುವೆ ಇರುವುದು ಒಂದು ಪತ್ರ, ಒಂದು ಸಹಿ, ಒಂದು ಪರೀಕ್ಷಾ ವೇಳಾಪಟ್ಟಿ, ಕೆಲವು ಸಾವಿರ ರೂಪಾಯಿ ಕೈಗಡ. ಇವೆಲ್ಲ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಕೈಯಲ್ಲಿರುವ ಕೆಲಸಗಳು. ಇವನ್ನು ಮಾಡದೆ ಮಕ್ಕಳಿಗೆ ಮಹತ್ವಾಕಾಂಕ್ಷೆ ಇಲ್ಲ ಎಂದು ದೂರುವುದು ಅನ್ಯಾಯ.

ಪದವಿ ವಿದ್ಯಾರ್ಥಿಯೂ ಸಂಶೋಧನೆ ಮಾಡಬಹುದು ಎಂಬ ವಿಚಾರಕ್ಕೆ ಜಗತ್ತಿನಲ್ಲೇ ಬಹಳ ವಯಸ್ಸಾಗಿಲ್ಲ. ಅಮೆರಿಕದ ಎಂಐಟಿಯಲ್ಲಿ 1969ರಲ್ಲಿ ಪದವಿ ವಿದ್ಯಾರ್ಥಿಗಳನ್ನು ಪ್ರಾಧ್ಯಾಪಕರ ಪ್ರಯೋಗಾಲಯಕ್ಕೆ ಸೇರಿಸುವ ವ್ಯವಸ್ಥೆ ಶುರುವಾಯಿತು. 1987ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಸರ್ಕಾರದ ಹಣದಿಂದ ಬೇಸಿಗೆ ಸಂಶೋಧನಾ ಕೇಂದ್ರಗಳನ್ನು ನಡೆಸಲು ಮುಂದಾಯಿತು. ಆ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ ಅಂಶ ಒಂದಿದೆ. ಅದರ ಹಣ ಪಡೆಯುವ ಸಂಸ್ಥೆ ತನ್ನದೇ ವಿದ್ಯಾರ್ಥಿಗಳನ್ನು ತುಂಬಿಕೊಂಡು ಕೂರುವಂತಿಲ್ಲ. ಸಂಶೋಧನಾ ಸೌಲಭ್ಯ ಕಡಿಮೆ ಇರುವ ಕಾಲೇಜುಗಳಿಂದ ಮಕ್ಕಳನ್ನು ಹುಡುಕಿ ತರಬೇಕು. ಯಾರ ಕಾಲೇಜಿನಲ್ಲಿ ಪ್ರಯೋಗಾಲಯ ಇಲ್ಲವೋ ಅವರಿಗೇ ಅದು ಹೆಚ್ಚು ಬೇಕು ಎಂಬ ಸರಳ ತಿಳಿವಳಿಕೆ ಅಲ್ಲಿದೆ.

ನಮ್ಮ ದೇಶದಲ್ಲಿ ಆಯ್ಕೆಯ ಮೊದಲ ಜರಡಿ ಅಂಕವೇ. ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರ ಫೆಲೋಶಿಪ್ ಕೊಡುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 1999ರಲ್ಲಿ ಆರಂಭವಾಗಿ, ಭಾರತೀಯ ವಿಜ್ಞಾನ ಸಂಸ್ಥೆಯ ಉಸ್ತುವಾರಿಯಲ್ಲಿ ಎರಡು ದಶಕ ನಡೆದು, 2022ರಲ್ಲಿ ಕೇಂದ್ರದ್ದೇ ಆದ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಹೋಯಿತು. ಇನ್‌ಸ್ಪೈರ್‌ನ ಉನ್ನತ ಶಿಕ್ಷಣ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ವಿದ್ಯಾರ್ಥಿಯ ಕೈಗೆ, ಉಳಿದ 20,000 ಬೇಸಿಗೆಯ ಸಂಶೋಧನಾ ಯೋಜನೆಗೆ. ದ್ವಿತೀಯ ಪಿಯುಸಿಯಲ್ಲಿ ಮಂಡಳಿಯ ಮೊದಲ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಇದು ಸಿಗುತ್ತದೆ. ನಮ್ಮಂಥ ಕಾಲೇಜಿಗೂ ಅಪರೂಪಕ್ಕೆ ಇಂಥ ವಿದ್ಯಾರ್ಥಿ ಬರುವುದುಂಟು. ಬಂದಾಗ ನಾನು ಮೊದಲು ಹೇಳುವ ಮಾತು, ಆ ಬೇಸಿಗೆ ಯೋಜನೆಯನ್ನು ಇಲ್ಲೇ ನಮ್ಮ ಟೈಟ್ರೇಷನ್ ಬೆಂಚಿನಲ್ಲಿ ಮುಗಿಸಿ ವರದಿಗೆ ಸಹಿ ಹಾಕಿಸಿಕೊಳ್ಳಬೇಡ, ಹೊರಗೆ ಹೋಗು ಎಂದು. ಆ ಹಣವನ್ನು ಇಟ್ಟಿರುವುದೇ ಹೊರಗೆ ಹೋಗಿ ಕಲಿಯಲೆಂದು.

ಹೊರಗೆ ಎಂದರೆ ದೂರವೇನಲ್ಲ. ಬೆಂಗಳೂರು ಒಂದರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಹೆಸರಘಟ್ಟದ ಬಳಿಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಇವೆ. ಮೈಸೂರಿನಲ್ಲಿ ಆಹಾರ ತಂತ್ರಜ್ಞಾನದ ಸಿಎಫ್‌ಟಿಆರ್‌ಐ ಇದೆ. ಬೇರೆ ರಾಜ್ಯದ ಮಕ್ಕಳು ಎರಡು ರಾತ್ರಿ ರೈಲಿನಲ್ಲಿ ಕುಳಿತು ಈ ಊರುಗಳಿಗೆ ಬರುತ್ತಾರೆ. ನಮ್ಮ ಮಕ್ಕಳಿಗೆ ಒಂದು ರಾತ್ರಿಯ ಬಸ್ಸು ಸಾಕು. ಹೆಣ್ಣುಮಕ್ಕಳಿಗಂತೂ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸಿಗೆ ಟಿಕೆಟ್ ಹಣವೂ ಬೇಕಿಲ್ಲ.

ಹಾಗಿದ್ದರೆ ತಡೆ ಎಲ್ಲಿ? ಮೊದಲ ತಡೆ ಪದವಿಯ ರಚನೆಯಲ್ಲೇ ಇದೆ. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ಕರ್ನಾಟಕ 2021-22ರಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದಿತು. 2024ರ ಮೇ ತಿಂಗಳಲ್ಲಿ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದಲ್ಲಿ, ಮತ್ತೆ ಮೂರು ವರ್ಷಕ್ಕೆ ಮರಳಿತು. ಮರಳಿದ್ದಕ್ಕೆ ಕಾರಣಗಳಿದ್ದವು. ನಾಲ್ಕನೇ ವರ್ಷಕ್ಕೆ ಬೇಕಾದ ಕೊಠಡಿ, ಪ್ರಯೋಗಾಲಯ, ಬೋಧಕರು ನಮ್ಮಂಥ ಕಾಲೇಜುಗಳಲ್ಲಿ ಇರಲಿಲ್ಲ. ಬಡ ಮನೆಯ ಮಗುವನ್ನು ಇನ್ನೊಂದು ವರ್ಷ ಓದಿಸುವುದು ತಂದೆತಾಯಿಗೆ ಹಗುರವಾದ ಮಾತಲ್ಲ. ನಾನು ಆ ನಿರ್ಧಾರವನ್ನು ವಿರೋಧಿಸಿದವಳಲ್ಲ. ಆದರೆ ಅದರ ಜೊತೆಗೆ ಹೋದದ್ದು ಏನು ಎಂದು ತಿಳಿದಿರಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಚೌಕಟ್ಟಿನಲ್ಲಿ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75ರಷ್ಟು ಅಂಕ ಪಡೆದವರು ನಾಲ್ಕನೇ ವರ್ಷದಲ್ಲಿ 12 ಕ್ರೆಡಿಟ್‌ನ ಸಂಶೋಧನಾ ಪ್ರಬಂಧ ಬರೆಯಬಹುದಿತ್ತು. ಅದು ಹೋಯಿತು. ಅದಕ್ಕಿಂತ ದೊಡ್ಡ ನಷ್ಟ, ಒಂದು ಬೇಸಿಗೆಯೇ ಹೋಯಿತು.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಬಹುತೇಕ ಸಂಶೋಧನಾ ಕಾರ್ಯಕ್ರಮಗಳು ಎರಡನೇ ವರ್ಷಕ್ಕೆ ಬಂದವರನ್ನು ಮಾತ್ರ ತೆಗೆದುಕೊಳ್ಳುತ್ತವೆ. ಮೂರನೇ ವರ್ಷ ಮುಗಿದ ಮೇಲಿನ ಬೇಸಿಗೆಯಲ್ಲಿ ವಿದ್ಯಾರ್ಥಿ ಪದವೀಧರನಾಗಿ ಕಾಲೇಜಿನಿಂದ ಹೊರಬಿದ್ದಿರುತ್ತಾನೆ, ಎಂ.ಎಸ್ಸಿ. ಪ್ರವೇಶ ಪರೀಕ್ಷೆಗಳ ಗಡಿಬಿಡಿಯಲ್ಲಿರುತ್ತಾನೆ. ಉಳಿಯುವುದು ಎರಡನೇ ಮತ್ತು ಮೂರನೇ ವರ್ಷದ ನಡುವಿನ ಒಂದೇ ಬೇಸಿಗೆ. ಆ ಒಂದು ಬೇಸಿಗೆಗೆ ಅರ್ಜಿ ಹಾಕುವ ಹೊತ್ತಿಗೆ ವಿದ್ಯಾರ್ಥಿ ಮೂರನೇ ಸೆಮಿಸ್ಟರ್‌ನಲ್ಲಿರುತ್ತಾನೆ, ಕೈಯಲ್ಲಿ ಇರುವುದು ಎರಡೇ ಅಂಕಪಟ್ಟಿ. ಅಂದರೆ ಈ ವಿಷಯವನ್ನು ಮಕ್ಕಳ ಕಿವಿಗೆ ಹಾಕಬೇಕಾದದ್ದು ಮೊದಲ ವರ್ಷದಲ್ಲೇ. ಅಂತಿಮ ವರ್ಷದವರಿಗೆ ವೃತ್ತಿ ಮಾರ್ಗದರ್ಶನ ಶಿಬಿರ ಏರ್ಪಡಿಸಿ, ಹಾರ ಹಾಕಿ, ಫೋಟೊ ತೆಗೆಸಿಕೊಳ್ಳುವ ನಮ್ಮ ಪದ್ಧತಿಯಿಂದ ಈ ಕೆಲಸ ಆಗುವುದಿಲ್ಲ. ಜಕ್ಕೂರಿನ ಕೇಂದ್ರ ಈ ಸಮಸ್ಯೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ. ಅದರ ಜೀವವಿಜ್ಞಾನ ಮತ್ತು ರಸಾಯನಶಾಸ್ತ್ರದ ಯೋಜನಾಧಾರಿತ ಕೋರ್ಸುಗಳು ಬಿ.ಎಸ್ಸಿ. ಮಕ್ಕಳನ್ನು ಎಳೆಯರಿದ್ದಾಗಲೇ ಆರಿಸಿಕೊಂಡು ಮೂರು ಬೇಸಿಗೆ ಸತತವಾಗಿ ಕರೆಸಿಕೊಳ್ಳುತ್ತವೆ. ಆಯ್ಕೆಯಾಗುವವರು ಬೆರಳೆಣಿಕೆಯಷ್ಟು ಮಂದಿ, ಮಾದರಿ ಮಾತ್ರ ಸರಿಯಾದದ್ದು.

ಎರಡನೆಯ ತಡೆ ಪರೀಕ್ಷೆ. ಫೆಲೋಶಿಪ್‌ಗಳು ಮೇ ಮತ್ತು ಜೂನ್ ತಿಂಗಳನ್ನು ರಜೆ ಎಂದು ಭಾವಿಸಿ ರೂಪುಗೊಂಡಿವೆ. ಐಐಟಿಗಳಲ್ಲಿ, ಕೇಂದ್ರದ ವಿಜ್ಞಾನ ಶಿಕ್ಷಣ ಸಂಸ್ಥೆಗಳಾದ ಐಸರ್‌ಗಳಲ್ಲಿ ಅದು ರಜೆಯೇ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಶೈಕ್ಷಣಿಕ ವೇಳಾಪಟ್ಟಿ ಕೋವಿಡ್ ಕಾಲದಲ್ಲಿ ಹಳಿ ತಪ್ಪಿತು, ಅದು ಎಲ್ಲ ಕಡೆ ಇನ್ನೂ ಪೂರ್ತಿ ಹಳಿಗೆ ಬಂದಿಲ್ಲ. ಮೇ ತಿಂಗಳಲ್ಲಿ ಪಾಠ ನಡೆಯುತ್ತಿರುತ್ತದೆ, ಜೂನ್ ಜುಲೈನಲ್ಲಿ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ. ಆಯ್ಕೆಪತ್ರ ಕೈಯಲ್ಲಿ ಹಿಡಿದ ಮಗು ಪರೀಕ್ಷೆ ಬಿಡಬೇಕೋ ಪ್ರಯೋಗಾಲಯ ಬಿಡಬೇಕೋ ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತದ್ದನ್ನು ನಾನು ನೋಡಿದ್ದೇನೆ. ಕ್ರೀಡಾಪಟುಗಳು, ಎನ್‌ಸಿಸಿ ಕೆಡೆಟ್‌ಗಳು ಶಿಬಿರಕ್ಕೆ ಹೋದಾಗ ಹಾಜರಾತಿಯಲ್ಲಿ ವಿನಾಯಿತಿ ಕೊಡುವ ಕ್ರಮ ನಮ್ಮಲ್ಲಿ ಇದೆ. ಸಂಶೋಧನೆಗೆ ಹೋದ ವಿದ್ಯಾರ್ಥಿಗೂ ಹಾಜರಾತಿ ಮತ್ತು ವಿಶೇಷ ಪರೀಕ್ಷೆಯ ಅವಕಾಶ ಕೊಡಲು ಒಂದು ಸುತ್ತೋಲೆ ಸಾಕು.

ಇನ್ನು ಶಿಫಾರಸು ಪತ್ರ. ಅರ್ಜಿಗಳು ಒಬ್ಬ ಅಥವಾ ಇಬ್ಬರು ಬೋಧಕರ ಶಿಫಾರಸು ಕೇಳುತ್ತವೆ, ಅನೇಕ ಕಡೆ ಅದು ಸಂಸ್ಥೆಯ ಅಧಿಕೃತ ಇಮೇಲ್ ವಿಳಾಸದಿಂದಲೇ ಬರಬೇಕು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿಯುತ್ತಿದ್ದಾರೆ. ಎಷ್ಟೋ ವಿಭಾಗಗಳಲ್ಲಿ ಮಕ್ಕಳನ್ನು ಹತ್ತಿರದಿಂದ ಬಲ್ಲವರು ಅವರೇ. ಅವರಿಗೆ ಕಾಲೇಜಿನ ಇಮೇಲ್ ಇಲ್ಲ, ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತಾರೆಂಬ ಖಾತರಿಯೂ ಇಲ್ಲ. ಎಷ್ಟೇ ಪ್ರೀತಿಯಿಂದ ಬರೆದರೂ ಅವರ ಪತ್ರಕ್ಕೆ ಆಯ್ಕೆ ಸಮಿತಿಯ ಮುಂದೆ ತೂಕ ಸಿಗುವುದು ಕಷ್ಟ. ಪ್ರತಿಯೊಬ್ಬ ಬೋಧಕರಿಗೂ, ಅತಿಥಿಗಳಿಗೂ ಸೇರಿ, ಕಾಲೇಜಿನ ಹೆಸರಿನ ಇಮೇಲ್ ಮಾಡಿಕೊಡಲು ಎಷ್ಟು ಖರ್ಚಾದೀತು?

ಪತ್ರ ಬರೆಯುವುದೂ ಒಂದು ಕಲೆ, ಅದನ್ನು ನಾನು ತಡವಾಗಿ ಕಲಿತೆ. "ವಿನಯಶೀಲೆ, ಶಿಸ್ತಿನ ಹುಡುಗಿ, ಉತ್ತಮ ನಡತೆ" ಎಂದು ಬರೆಯುವುದು ನಮಗೆ ರೂಢಿ. ವರ್ಗಾವಣೆ ಪತ್ರದ ಭಾಷೆ ಅದು. ಆಯ್ಕೆ ಮಾಡುವವರಿಗೆ ಬೇಕಾದದ್ದು ಬೇರೆ: ಈ ವಿದ್ಯಾರ್ಥಿ ಪ್ರಯೋಗ ಕೈಕೊಟ್ಟಾಗ ಏನು ಮಾಡಿದಳು, ಯಾವ ಪ್ರಶ್ನೆ ಕೇಳಿದಳು, ಪುಸ್ತಕದಲ್ಲಿಲ್ಲದ ಯಾವುದನ್ನು ತಾನಾಗಿ ಹುಡುಕಿದಳು. ಒಂದೇ ಒಂದು ಘಟನೆ ಬರೆದರೆ ಸಾಕು, ಹತ್ತು ವಿಶೇಷಣಗಳು ಬೇಡ.

ವಿದ್ಯಾರ್ಥಿ ತನ್ನ ಬಗ್ಗೆ ಬರೆಯಬೇಕಾದ ಚಿಕ್ಕ ಟಿಪ್ಪಣಿಗೂ ಇದೇ ಮಾತು. ಎರಡು ವರ್ಷದ ಹಿಂದೆ ನನ್ನ ತರಗತಿಯ ಮೂವರು ಅಕಾಡೆಮಿಗಳ ಫೆಲೋಶಿಪ್‌ಗೆ ಅರ್ಜಿ ಹಾಕಲು ಕುಳಿತರು. ಕಾಲೇಜು ಬಿಟ್ಟ ಮೇಲೆ, ಕೊನೆಯ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಅವರಲ್ಲಿ ಒಬ್ಬಳು ಇಂಗ್ಲಿಷಿನಲ್ಲಿ ಬರೆದು ತಂದಿದ್ದ ಟಿಪ್ಪಣಿ ಓದಿದೆ. ಬಾಲ್ಯದಿಂದಲೂ ತನಗೆ ವಿಜ್ಞಾನದಲ್ಲಿ ಆಸಕ್ತಿ, ದೇಶಕ್ಕೆ ಸೇವೆ ಸಲ್ಲಿಸುವ ಬಯಕೆ ಎಂದಿತ್ತು. ಎಲ್ಲಿಂದಲೋ ನೋಡಿ ಬರೆದದ್ದು ಎಂದು ಗೊತ್ತಾಗುತ್ತಿತ್ತು. ಕಾಗದವನ್ನು ಪಕ್ಕಕ್ಕಿಟ್ಟು ಕನ್ನಡದಲ್ಲೇ ಕೇಳಿದೆ, "ನಿನ್ನ ಮನೆಯ ಹತ್ತಿರ ನೀನು ಕಣ್ಣಾರೆ ನೋಡಿದ, ಯಾಕೆ ಹೀಗೆ ಎಂದು ಅನಿಸಿದ ಒಂದು ಸಂಗತಿ ಹೇಳು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊಳೆ ಔಷಧಿಯ ಮಾತೆತ್ತಿದಳು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಅವಳ ಅಪ್ಪ ಡ್ರಮ್ಮಿನಲ್ಲಿ ಕಲಸಿದ ಮೇಲೆ ಕಬ್ಬಿಣದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತಾರಂತೆ. ಅಲಗಿನ ಮೇಲೆ ಕೆಂಪು ಲೇಪ ಕೂತಿದ್ದರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. "ಅದು ತಾಮ್ರ ಅಲ್ಲವಾ ಮೇಡಂ? ನಾವು ಪಲ್ಲಟ ಕ್ರಿಯೆ ಅಂತ ಓದಿದ್ದು ಅದೇ ತಾನೇ?" ಎಂದಳು. ಹೌದು, ಅದೇ. ಸುಣ್ಣ ಸಾಲದಿದ್ದರೆ ಉಳಿದ ಲವಣದಲ್ಲಿರುವ ತಾಮ್ರವನ್ನು ಕಬ್ಬಿಣ ಸ್ಥಾನಪಲ್ಲಟಗೊಳಿಸುತ್ತದೆ, ಆ ತಾಮ್ರ ಅಲಗಿನ ಮೇಲೆ ಲೋಹವಾಗಿ ಕೂರುತ್ತದೆ. ಆ ದ್ರಾವಣ ಹೊಡೆದರೆ ಗೊನೆ ಸುಡುತ್ತದೆ. ಆಮೇಲೆ ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: ಮಲೆನಾಡಿನ ಅಷ್ಟು ಮಳೆಗೂ ಆ ನೀಲಿ ಲೇಪ ಎಷ್ಟು ದಿನ ಕಾಯಿಯ ಮೇಲೆ ನಿಲ್ಲುತ್ತದೆ, ತೊಳೆದುಹೋದ ತಾಮ್ರವೆಲ್ಲ ತೋಟದ ಮಣ್ಣಿನಲ್ಲಿ ಏನಾಗುತ್ತದೆ?

ಅವಳು ಬರೆಯಬೇಕಾದದ್ದು ಇದನ್ನೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಇದೇ ಕೊಳೆರೋಗದ ಬೆನ್ನು ಹತ್ತಿ, ಬೋರ್ಡೋ ದ್ರಾವಣವನ್ನು ಅಡಿಕೆ ತೋಟಕ್ಕೆ ಹೊಂದಿಸಿಕೊಟ್ಟರು. ಆ ಸಂಶೋಧನೆಯ ಮುಂದಿನ ಪ್ರಶ್ನೆಯನ್ನು ಒಬ್ಬ ಬೆಳೆಗಾರನ ಮಗಳು ನಮ್ಮ ಸ್ಟಾಫ್ ರೂಮಿನಲ್ಲಿ ಕುಳಿತು ಕೇಳುತ್ತಿದ್ದಳು. ಮೊದಲು ಕನ್ನಡದಲ್ಲಿ ಬರೆಸಿದೆ, ಆಮೇಲೆ ಇಬ್ಬರೂ ಸೇರಿ ಇಂಗ್ಲಿಷಿಗೆ ತಂದೆವು. ಭಾಷೆ ಸರಳವಾಗಿತ್ತು, ಒಂದೆರಡು ಕಡೆ ತಪ್ಪೂ ಉಳಿಯಿತು. ಮೂವರಲ್ಲಿ ಆಯ್ಕೆಯಾದದ್ದು ಅವಳೊಬ್ಬಳೇ. ಉಳಿದಿಬ್ಬರ ಅಂಕ ಅವಳಿಗಿಂತ ಹೆಚ್ಚಿತ್ತು.

ನೇರವಾಗಿ ಪ್ರಾಧ್ಯಾಪಕರಿಗೆ ಇಮೇಲ್ ಬರೆದು ಅವಕಾಶ ಕೇಳುವುದಕ್ಕೂ ಇದೇ ದಾರಿ. ಡಾಡ್‌ನ ವೈಸ್ ಯೋಜನೆಯಲ್ಲಂತೂ ಜರ್ಮನಿಯ ಪ್ರಾಧ್ಯಾಪಕರ ಆಹ್ವಾನವನ್ನು ವಿದ್ಯಾರ್ಥಿಯೇ ಸಂಪಾದಿಸಬೇಕು. ಒಂದೇ ಪತ್ರವನ್ನು ನೂರು ಮಂದಿಗೆ ಕಳುಹಿಸಿದರೆ ನೂರು ಕಡೆಯೂ ಮೌನ. ಒಬ್ಬರ ಒಂದು ಸಂಶೋಧನಾ ಲೇಖನವನ್ನು ಅರ್ಧ ಅರ್ಥವಾದರೂ ಓದಿ, ಅದರಲ್ಲಿ ಒಂದು ಪ್ರಶ್ನೆ ಹಿಡಿದು ಬರೆದರೆ ಉತ್ತರ ಬರುತ್ತದೆ, ಕೆಲವೊಮ್ಮೆ ಬಹಳ ಪ್ರೀತಿಯಿಂದ ಬರುತ್ತದೆ.

ಈಗ ಹಣದ ಮಾತು. ಸಂಬಳವಿಲ್ಲದ ಇಂಟರ್ನ್‌ಶಿಪ್ ಎಂಬುದು ದೊಡ್ಡ ನಗರದಲ್ಲಿ ಮನೆ ಇದ್ದವರಿಗೆ ಮಾತ್ರ ಅವಕಾಶ. ನೀತಿ ಆಯೋಗದ ಇಂಟರ್ನ್‌ಶಿಪ್‌ಗೆ ಭತ್ಯೆ ಇಲ್ಲ. ಆರು ವಾರ ದೆಹಲಿಯಲ್ಲಿ ಸ್ವಂತ ಖರ್ಚಿನಲ್ಲಿ ಉಳಿಯಬಲ್ಲ ಕೂಲಿಕಾರರ ಮಗ ಯಾರು? ಹಣ ಕೊಡುವ ಕಡೆಯೂ ತೊಡಕು ಇದೆ. ಶಿಷ್ಯವೇತನ ಖಾತೆಗೆ ಬೀಳುವುದು ಕೆಲಸ ಶುರುವಾದ ಮೇಲೆ. ಹಾಸಿಗೆ, ಮೊದಲ ತಿಂಗಳ ಊಟದ ಹಣ, ಹಾಸ್ಟೆಲ್ ಮುಂಗಡ ಬೇಕಾಗುವುದು ಅದಕ್ಕಿಂತ ಮೊದಲು. ಹತ್ತು ಸಾವಿರ ರೂಪಾಯಿ ಕೈಗಡ ಸಿಗದೆ ಆಯ್ಕೆಪತ್ರವನ್ನು ಮಡಿಸಿಟ್ಟವರಿದ್ದಾರೆ. ಪ್ರತಿ ಸರ್ಕಾರಿ ಕಾಲೇಜಿಗೂ ಕಾಲೇಜು ಅಭಿವೃದ್ಧಿ ಸಮಿತಿ ಇದೆ, ಹಲವು ಕಡೆ ಹಳೆಯ ವಿದ್ಯಾರ್ಥಿಗಳ ಸಂಘವೂ ಇದೆ. ಒಂದು ಲಕ್ಷ ರೂಪಾಯಿಯ ಸುತ್ತುನಿಧಿ ಇಟ್ಟರೆ ವರ್ಷಕ್ಕೆ ಹತ್ತು ಮಕ್ಕಳು ಹೋಗಿ ಬಂದು, ಶಿಷ್ಯವೇತನದಿಂದ ಸಾಲ ತೀರಿಸಿ, ಅದೇ ಹಣವನ್ನು ಮುಂದಿನ ಹತ್ತು ಮಂದಿಗೆ ಬಿಟ್ಟುಕೊಡಬಹುದು.

ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆ ಮಕ್ಕಳಲ್ಲಿ ತುಂಬಾ ಗೊಂದಲವಿದೆ. 2024ರ ಬಜೆಟ್‌ನಲ್ಲಿ ಘೋಷಣೆಯಾದ ಈ ಯೋಜನೆ ಐದು ವರ್ಷಗಳಲ್ಲಿ ಒಂದು ಕೋಟಿ ಯುವಕರಿಗೆ 500 ದೊಡ್ಡ ಕಂಪನಿಗಳಲ್ಲಿ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತು. ಘೋಷಣೆಯಾದಾಗ ಭತ್ಯೆ ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಂದು ಬಾರಿ 6,000 ಇತ್ತು. ಆದರೆ ಶುರುವಿನ ನಿಯಮದಂತೆ ಅದು 21ರಿಂದ 24 ವರ್ಷದ, ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆ. ಕಾಲೇಜಿನಲ್ಲಿ ಓದುತ್ತಿರುವವರು ಅರ್ಜಿ ಹಾಕುವಂತಿರಲಿಲ್ಲ. ಇನ್ನೊಂದು ಅಂಕಿ ಗಮನಿಸಬೇಕಾದದ್ದು. ಮೊದಲ ಸುತ್ತಿನಲ್ಲಿ ಕಂಪನಿಗಳು ಸುಮಾರು 82 ಸಾವಿರ ಆಹ್ವಾನ ಕಳುಹಿಸಿದವು. ಕೊನೆಗೆ ಹೋಗಿ ಸೇರಿದವರು ಸುಮಾರು 8,700 ಮಂದಿ. ಊರಿನಿಂದ ದೂರ, ಹನ್ನೆರಡು ತಿಂಗಳ ದೀರ್ಘ ಅವಧಿ ಇವು ಮುಖ್ಯ ಕಾರಣಗಳು. 5,000 ರೂಪಾಯಿಯಲ್ಲಿ ಪರವೂರಿನ ಕೊಠಡಿ ಬಾಡಿಗೆಯೂ ಊಟವೂ ಆಗಬೇಕು ಎಂದರೆ ಯಾವ ಮನೆಯವರೂ ಹಿಂದೇಟು ಹಾಕುತ್ತಾರೆ.

ಹಣದ ಮಾತಿನಲ್ಲಿ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಇಂಟರ್ನ್‌ಶಿಪ್ ಈಗ ಪಠ್ಯಕ್ರಮದಲ್ಲೇ ಕಡ್ಡಾಯವಾಗುತ್ತಿದೆ. ಯುಜಿಸಿ ಮಾರ್ಗಸೂಚಿ 60ರಿಂದ 120 ಗಂಟೆಗಳ ಇಂಟರ್ನ್‌ಶಿಪ್ ಹೇಳುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ 10 ಕ್ರೆಡಿಟ್‌ನ ದೀರ್ಘ ಇಂಟರ್ನ್‌ಶಿಪ್ ಇದೆ. ಕಡ್ಡಾಯವಾದ ಕೂಡಲೇ ಮಾರುಕಟ್ಟೆ ಹುಟ್ಟಿಕೊಂಡಿದೆ. ಎರಡು ಮೂರು ಸಾವಿರ ಕಟ್ಟಿಸಿಕೊಂಡು, ನಾಲ್ಕು ವಿಡಿಯೊ ತೋರಿಸಿ, ಬಣ್ಣದ ಪ್ರಮಾಣಪತ್ರ ಕಳುಹಿಸಿಕೊಡುವವರ ಜಾಹೀರಾತು ನಮ್ಮ ತಾಲ್ಲೂಕಿನ ಮಕ್ಕಳ ವಾಟ್ಸ್ಆ್ಯಪ್ ಗುಂಪುಗಳಿಗೂ ಬರುತ್ತಿದೆ. ಹೆಣ್ಣುಮಗಳೊಬ್ಬಳು ವಿದ್ಯಾರ್ಥಿವೇತನದ ಹಣವನ್ನು ಹೀಗೆ ಕಟ್ಟಿ ಬಂದು ನನಗೆ ಪ್ರಮಾಣಪತ್ರ ತೋರಿಸಿದಾಗ, ಅವಳ ಮುಖದ ಸಂತೋಷ ಕಂಡು ಏನು ಹೇಳಬೇಕೆಂದು ತಿಳಿಯಲಿಲ್ಲ. ನಾನು ಈ ಲೇಖನದಲ್ಲಿ ಹೆಸರಿಸಿದ ಯಾವ ಸಂಶೋಧನಾ ಫೆಲೋಶಿಪ್ಪೂ ಆಯ್ಕೆಯಾದ ವಿದ್ಯಾರ್ಥಿಗೆ ತರಬೇತಿಯನ್ನು ಮಾರುವುದಿಲ್ಲ. ಕೆಲಸ ಕಲಿಸಲು ಹಣ ಕೇಳಿದರೆ ಅದು ಟ್ಯೂಷನ್, ಇಂಟರ್ನ್‌ಶಿಪ್ ಅಲ್ಲ. ಕಾಲೇಜುಗಳು ಪ್ರಮಾಣಪತ್ರಕ್ಕೆ ಅಂಕ ಕೊಡುವುದನ್ನು ಬಿಟ್ಟು, ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಹದಿನೈದು ನಿಮಿಷ "ಏನು ಮಾಡಿದೆ, ತೋರಿಸು" ಎಂದು ಕೇಳಿದರೆ ಈ ವ್ಯಾಪಾರ ತಾನಾಗಿ ತಗ್ಗುತ್ತದೆ.

ವಿದೇಶದ ಅವಕಾಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಟ್ಯಾಕ್ಸ್ 12 ವಾರ ಕೆನಡಾದ ವಿಶ್ವವಿದ್ಯಾಲಯದಲ್ಲಿ ಇರಿಸಿ ಪ್ರಯಾಣದ ಖರ್ಚು, ಭತ್ಯೆ ಕೊಡುತ್ತದೆ. ಹೋಗುವವರಲ್ಲಿ ಹೆಚ್ಚಿನವರು ಈಗಾಗಲೇ ದೊಡ್ಡ ಸಂಸ್ಥೆಗಳಲ್ಲಿರುವವರು. ಪಾಸ್‌ಪೋರ್ಟನ್ನು ಮಾತ್ರ ಮೊದಲ ವರ್ಷವೇ ಮಾಡಿಸಿಡಿ ಎನ್ನುತ್ತೇನೆ. ಸಾಮಾನ್ಯ ಅರ್ಜಿಗೆ 1,500 ರೂಪಾಯಿ. ನಮ್ಮ ಮಕ್ಕಳಿಗೆ ಅದರಲ್ಲಿ ಸಿಕ್ಕಿಕೊಳ್ಳುವುದು ಹೆಸರಿನ ವಿಷಯ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಕಾಗುಣಿತ, ಆಧಾರ್‌ನಲ್ಲಿ ಇನ್ನೊಂದು, ಅಪ್ಪನ ಹೆಸರಿನ ಮುಂದಿನ ಇನಿಶಿಯಲ್ ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಇದನ್ನು ಸರಿಪಡಿಸಲು ತಿಂಗಳುಗಳೇ ಬೇಕು. ಆಯ್ಕೆಯಾದ ಮೇಲೆ ಓಡಾಡಿದರೆ ವಿಮಾನ ಹೋಗಿಯಾಗಿರುತ್ತದೆ.

ಇಷ್ಟು ಹೊತ್ತು ವಿಜ್ಞಾನದ ಮಕ್ಕಳ ಮಾತಾಯಿತು. ನಮ್ಮ ಕಾಲೇಜಿನಲ್ಲಿ ಅವರಿಗಿಂತ ಬಿ.ಎ., ಬಿ.ಕಾಂ. ಮಕ್ಕಳೇ ಹೆಚ್ಚು. ಅವರಿಗೆ ರಾಷ್ಟ್ರಮಟ್ಟದಲ್ಲಿ ಇಂಥ ಬೇಸಿಗೆ ಫೆಲೋಶಿಪ್ ಇಲ್ಲವೆಂದೇ ಹೇಳಬೇಕು, ಇದು ದೊಡ್ಡ ಕೊರತೆ. ಯುವ ಸಂಗಮದಂಥ ಯೋಜನೆಯಲ್ಲಿ ಬೇರೆ ರಾಜ್ಯಕ್ಕೆ ಕೆಲವು ದಿನ ಹೋಗಿ ಬರಬಹುದು, ಅದು ಒಳ್ಳೆಯದೇ, ಆದರೆ ಅದು ಪ್ರವಾಸ. ಇತಿಹಾಸದ ವಿದ್ಯಾರ್ಥಿ ಎರಡು ತಿಂಗಳು ರಾಜ್ಯ ಪತ್ರಾಗಾರದಲ್ಲಿ ಕುಳಿತು ಮೈಸೂರು ಸಂಸ್ಥಾನದ ಕಡತ ಓದುವುದನ್ನು, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ಹಿಡಿಯುವುದನ್ನು, ಅರ್ಥಶಾಸ್ತ್ರದ ವಿದ್ಯಾರ್ಥಿನಿ ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಸಮೀಕ್ಷೆ ಮಾಡಲು ಕಲಿಯುವುದನ್ನು ರಾಜ್ಯವೇ ಹಣ ಕೊಟ್ಟು ನಡೆಸಬಹುದು. ಗ್ರಾಮ ಪಂಚಾಯಿತಿಯ ಹತ್ತು ವರ್ಷದ ಲೆಕ್ಕಪತ್ರ ಓದಬಲ್ಲ ಬಿ.ಕಾಂ. ವಿದ್ಯಾರ್ಥಿ ಆ ಊರಿಗೆ ಎಷ್ಟು ಉಪಯೋಗಕ್ಕೆ ಬಂದಾನು ಎಂದು ಯೋಚಿಸಿ. ಪದವಿ ಮುಗಿದು ಆರು ತಿಂಗಳು ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುವ ಸರ್ಕಾರ ನಮ್ಮದು. ಓದುತ್ತಿರುವಾಗಲೇ ಎರಡು ತಿಂಗಳ ಕೆಲಸಕ್ಕೆ ಭತ್ಯೆ ಕೊಡುವುದು ಅದರ ಸ್ವಭಾವಕ್ಕೆ ಹೊರತಾದದ್ದಲ್ಲ.

ಮತ್ತೆ ಕೊಳೆ ಔಷಧಿಯ ಹುಡುಗಿಯ ಮಾತಿಗೆ ಬರುತ್ತೇನೆ. ಆಯ್ಕೆಯ ಸುದ್ದಿ ಬಂದ ಮರುದಿನ ಅವಳ ಅಪ್ಪ ಕಾಲೇಜಿಗೆ ಬಂದರು. ಸ್ಟಾಫ್ ರೂಮಿನ ಒಳಗೆ ಬರಲು ಸಂಕೋಚಪಟ್ಟು ಬಾಗಿಲ ಬಳಿಯೇ ನಿಂತು, "ಅಷ್ಟು ದೂರ ಕಳಿಸಿದರೆ ಮಗಳು ಉಳಿಯುವುದು ಎಲ್ಲಿ ಮೇಡಂ?" ಎಂದು ಕೇಳಿದರು. ಎಷ್ಟು ಮನೆಗಳಲ್ಲಿ ಈ ಒಂದು ಪ್ರಶ್ನೆಗೆ ಉತ್ತರ ಸಿಗದೆ ಅವಕಾಶ ನಿಂತುಹೋಗಿದೆಯೋ. ಅವರ ಎದುರಿಗೇ ಆ ಸಂಸ್ಥೆಗೆ ಫೋನ್ ಮಾಡಿದೆ. ಹೆಣ್ಣುಮಕ್ಕಳ ಹಾಸ್ಟೆಲ್, ಊಟದ ವ್ಯವಸ್ಥೆ, ರಾತ್ರಿ ಒಳಗೆ ಬರಬೇಕಾದ ಸಮಯ ಎಲ್ಲವನ್ನೂ ಆ ಕಡೆಯವರು ತಾಳ್ಮೆಯಿಂದ ಹೇಳಿದರು. ಅಪ್ಪ ಎರಡು ಸಲ ಕೇಳಿಸಿಕೊಂಡು, ಹಾಸ್ಟೆಲ್‌ನ ಫೋನ್ ನಂಬರನ್ನು ಅಂಗಿಯ ಜೇಬಿನ ಚೀಟಿಯಲ್ಲಿ ಬರೆದುಕೊಂಡು ಹೋದರು. ಮೇ ಕೊನೆಯಲ್ಲಿ ಅವರೇ ಮಗಳನ್ನು ಬಿಟ್ಟು ಬಂದರು.

ಅವಳು ಎರಡು ತಿಂಗಳು ಮುಗಿಸಿಕೊಂಡು ಬಂದಳು. ಮಣ್ಣಿನಲ್ಲಿ ತಾಮ್ರದ ಪ್ರಮಾಣ ಅಳೆಯುವ ಉಪಕರಣವನ್ನು ಕೈಯಾರೆ ನಡೆಸಿ ಕಲಿತಿದ್ದಳು. ಅಷ್ಟರಲ್ಲಿ ಇಲ್ಲಿ ನಾಲ್ಕನೇ ಸೆಮಿಸ್ಟರ್ ಪರೀಕ್ಷೆಯ ಎರಡು ಪತ್ರಿಕೆಗಳು ಮುಗಿದುಹೋಗಿದ್ದವು. ಪ್ರಾಂಶುಪಾಲರು ವಿಶ್ವವಿದ್ಯಾಲಯಕ್ಕೆ ಬರೆದ ಮನವಿಗೆ ಉತ್ತರ ಬರಲಿಲ್ಲ. ಆ ಎರಡು ವಿಷಯಗಳನ್ನು ಅವಳು ಮುಂದಿನ ವರ್ಷ ಬರೆದು ಒಳ್ಳೆಯ ಅಂಕ ಪಡೆದಳು. ಮೊದಲ ಅಂಕಪಟ್ಟಿಯಲ್ಲಿ ಆ ವಿಷಯಗಳ ಎದುರು ಗೈರುಹಾಜರಿ ಎಂದೇ ಇದೆ.

ಈ ಸಲ ಎರಡನೇ ವರ್ಷದ ಏಳು ಮಕ್ಕಳು ಅರ್ಜಿ ಹಾಕಲು ಸಿದ್ಧರಾಗುತ್ತಿದ್ದಾರೆ. ವಿಶೇಷ ಪರೀಕ್ಷೆಯ ಅವಕಾಶ ಕೋರಿ ನಾವು ಮತ್ತೊಮ್ಮೆ ವಿಶ್ವವಿದ್ಯಾಲಯಕ್ಕೆ ಬರೆದಿದ್ದೇವೆ. ಉತ್ತರ ದೀಪಾವಳಿಗೆ ಮುಂಚೆ ಬರಬೇಕು.